ಎಕ್ಕದ ಗಿಡದ ಚಿಟ್ಟೆ



ಹೋದ ತಿಂಗಳು ಶ್ರಮದಾನದಲ್ಲಿ ಶಾಲೆಯ ಬೇಲಿ ಪಕ್ಕದ ಎಕ್ಕದ ಗಿಡಗಳನ್ನು ಕಡಿದೆವು. ನಾನೂ ಎರಡು ಗಿಡ ಕಡಿದೆ. ಮೂರನೆಯದರ ಎಲೆ ಮಗುಚಿದರೆ ಪಟ್ಟೆಪಟ್ಟೆಯ ಹುಳುಗಳು! ಮೇಷ್ಟ್ರು ನೋಡಿ, "ಚಿಟ್ಟೆ ಮರಿ ಕಣೋ, ಸಾಕಿ ನೋಡು" ಅಂದರು. ಎರಡು ಹುಳುವನ್ನು ಡಬ್ಬದಲ್ಲಿಟ್ಟು ದಿನಾ ಎಕ್ಕದ ಎಲೆ ಹಾಕಿದೆ. ಹುಳು ಹಸಿರು ಕೋಶವಾಗಿ ತಲೆಕೆಳಗಾಗಿ ನೇತಾಡಿತು. ಹತ್ತನೇ ದಿನ ಚಿಟ್ಟೆ ಹೊರಗೆ ಬಂತು. ಇದರ ಹೆಸರು ಪ್ಲೇನ್ ಟೈಗರ್.

ರೂಪ: ರೆಕ್ಕೆ ಬಿಚ್ಚಿದರೆ 7ರಿಂದ 8 ಸೆಂ.ಮೀ. ಅಗಲ. ಬಣ್ಣ ಕಿತ್ತಳೆ. ಮುಂದಿನ ರೆಕ್ಕೆಯ ತುದಿ ಕಪ್ಪು, ಅದರಲ್ಲಿ ಬಿಳಿ ಮಚ್ಚೆಗಳು. ಹಿಂದಿನ ರೆಕ್ಕೆಯಲ್ಲಿ ಮೂರು ಕಪ್ಪು ಚುಕ್ಕೆ. ಗಂಡಿಗೆ ಒಂದು ಹೆಚ್ಚು. ಹುಳುವಿಗೆ ಕಪ್ಪು, ಬಿಳಿ, ಹಳದಿ ಬಣ್ಣ. ಮೈಮೇಲೆ ಕೊಂಬಿನಂಥ ಮೂರು ಜೊತೆ ಕಪ್ಪು ಎಳೆಗಳಿವೆ.

ವಾಸಸ್ಥಳ: ದಟ್ಟ ಕಾಡು ಇದಕ್ಕೆ ಬೇಡ. ಬಿಸಿಲು ಬೀಳುವ ಬಯಲು, ಕೆರೆ ಏರಿ, ರಸ್ತೆ ಬದಿ ಸಾಕು. ನಂಜನಗೂಡಿನಲ್ಲಿ ಕಪಿಲಾ ನದಿ ದಂಡೆಯ ಹತ್ತಿರ ನೋಡಿದ್ದೇನೆ. ತಿ. ನರಸೀಪುರದ ನಮ್ಮತ್ತೆ ಮನೆ ಹಿತ್ತಲಲ್ಲೂ ಇತ್ತು. ಆಫ್ರಿಕಾ ಖಂಡದಲ್ಲೂ ಇದೇ ಚಿಟ್ಟೆ ಹಾರುತ್ತದೆ. 3,000 ವರ್ಷಕ್ಕೂ ಹಿಂದೆ ಈಜಿಪ್ಟಿನವರು ಗೋಡೆ ಮೇಲೆ ಇದರ ಚಿತ್ರ ಬರೆದಿದ್ದರು. 1758ರಲ್ಲಿ ಲಿನೇಯಸ್ ಎಂಬ ವಿಜ್ಞಾನಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು.

ರಕ್ಷಣೆ: ಹುಳು ಎಕ್ಕದ ಎಲೆ ತಿಂದು ಅದರ ವಿಷವನ್ನು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಚಿಟ್ಟೆಯಾದ ಮೇಲೂ ಆ ವಿಷ ಇರುತ್ತದೆ. ಒಮ್ಮೆ ತಿಂದ ಹಕ್ಕಿ ವಾಂತಿ ಮಾಡಿಕೊಂಡು, ಮತ್ತೆ ಇದರ ತಂಟೆಗೆ ಬರುವುದಿಲ್ಲ. ಅದಕ್ಕೇ ಇದು ಭಯವಿಲ್ಲದೆ ನಿಧಾನವಾಗಿ ಹಾರುತ್ತದೆ.

ಇನ್ನೊಂದು ತಮಾಷೆ ಕೇಳಿ. ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಗೆ ವಿಷ ಇಲ್ಲ. ಆದರೆ ಅದರ ಹೆಣ್ಣು ಥೇಟ್ ಇದರಂತೆಯೇ ವೇಷ ಹಾಕಿ ಹಕ್ಕಿಗಳಿಗೆ ಮೋಸ ಮಾಡುತ್ತದೆ! ಅದರ ಹುಳು ತಿನ್ನುವುದು ನಾವು ಸಾರು ಮಾಡುವ ಗೋಣಿಸೊಪ್ಪನ್ನು.

"ಎಕ್ಕದ ಹಾಲು ಕಣ್ಣಿಗೆ ಬಿದ್ರೆ ಕಣ್ಣು ಹೋಯ್ತದೆ" ಅಂತಾರೆ ನಮ್ಮಜ್ಜಿ. ಅದು ನಿಜ, ಜೋಪಾನವಾಗಿರಬೇಕು. ಆದರೆ ರಥಸಪ್ತಮಿ ದಿನ ಅದೇ ಎಲೆಯನ್ನು ತಲೆ ಮೇಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವೆ. ವರ್ಷಕ್ಕೊಂದು ದಿನ ಬೇಕಾದ ಗಿಡ ಉಳಿದ ದಿನ ಬೇಡವೇ?

ನಾನು ಕಡಿದ ಎರಡು ಗಿಡದ ಎಲೆ ಮಗುಚಿ ನೋಡಲಿಲ್ಲ. ಅದರಲ್ಲಿ ಎಷ್ಟು ಹುಳು ಇದ್ದವೋ! ಗುರುಗಳೇ, ಮುಂದಿನ ಶ್ರಮದಾನದಲ್ಲಿ ಹಿಂದಿನ ಬೇಲಿಯ ನಾಲ್ಕು ಎಕ್ಕದ ಗಿಡಗಳನ್ನಾದರೂ ಬಿಡಿಸಿಕೊಡಿ. ಗೆಳೆಯರೇ, ಕುಡುಗೋಲು ಹಾಕುವ ಮುಂಚೆ ಎಲೆಯ ಅಡಿ ನೋಡಿ.

– 7ನೇ ತರಗತಿ ವಿದ್ಯಾರ್ಥಿ