ಕಂಬರ್ಲ್ಯಾಂಡ್ ದ್ವೀಪದಲ್ಲಿ ಒಂದು ರಾತ್ರಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಜಾರ್ಜಿಯಾ ರಾಜ್ಯದ ಕರಾವಳಿಯಲ್ಲಿ, ಅಟ್ಲಾಂಟಿಕ್ ಸಾಗರದ ಅಲೆಗಳಿಗೆ ಒಡ್ಡು ಕಟ್ಟಿದಂತೆ ಮರಳಿನ ದ್ವೀಪಗಳ ಸಾಲೊಂದಿದೆ. ಆ ಸಾಲಿನ ದಕ್ಷಿಣ ತುದಿಯಲ್ಲಿರುವುದೇ ಕಂಬರ್ಲ್ಯಾಂಡ್ ದ್ವೀಪ. ಅದರ ಉದ್ದ ಸುಮಾರು 28 ಕಿಲೋಮೀಟರು. ಅಲ್ಲಿಗೆ ಸೇತುವೆಯಿಲ್ಲ, ಸೇಂಟ್ ಮೇರೀಸ್ ಎಂಬ ಚಿಕ್ಕ ಊರಿನಿಂದ ಲಾಂಚಿನಲ್ಲಿ ಮುಕ್ಕಾಲು ಗಂಟೆ ಸಾಗಬೇಕು. 1972ರಲ್ಲಿ ಈ ದ್ವೀಪವನ್ನು ರಾಷ್ಟ್ರೀಯ ಕಡಲತೀರವೆಂದು ಸಾರಲಾಯಿತು. ದಿನವೊಂದಕ್ಕೆ ಸುಮಾರು 300 ಮಂದಿಗಿಂತ ಹೆಚ್ಚು ಸಂದರ್ಶಕರು ಬರಬಾರದೆಂದು 1984ರ ಯೋಜನೆಯಲ್ಲಿ ಗೊತ್ತುಪಡಿಸಲಾಯಿತು. ತಂಗಲು ಬರುವವರು ಆಹಾರವನ್ನು ಹೊತ್ತು ತರಬೇಕು. ಕಸವನ್ನು ಹೊತ್ತು ಮರಳಬೇಕು.

ಮೇ ತಿಂಗಳ ಒಂದು ಶನಿವಾರ ಮುಂಜಾನೆ ಯುವ ದಂಪತಿಗಳಿಬ್ಬರು ಬೆನ್ನುಚೀಲಗಳನ್ನು ಹೇರಿಕೊಂಡು ಇಲ್ಲಿ ಇಳಿದರು. ಅವರ ಚೀಲಗಳಲ್ಲಿ ಡೇರೆಯಿರಲಿಲ್ಲ. ಅದಕ್ಕೆ ಬದಲಾಗಿ ಎರಡು ಜೋಲಿಗಳಿದ್ದವು.

ಹೊಲದ ಕೆಲಸಕ್ಕೆ ಹೋದ ತಾಯಿ ಮರದ ಕೊಂಬೆಗೆ ಸೀರೆ ಕಟ್ಟಿ ಕೂಸನ್ನು ಮಲಗಿಸುವ ಜೋಲಿಯನ್ನು ನಾವೆಲ್ಲ ಬಲ್ಲೆವು. ದೊಡ್ಡವರು ಮಲಗುವ ಜೋಲಿಯು ಜಗತ್ತಿಗೆ ತಿಳಿದುಬಂದದ್ದು ಕೆರಿಬಿಯನ್ ಕಡೆಯ ದ್ವೀಪವಾಸಿಗಳಿಂದ. 1492ರಲ್ಲಿ ಬಹಾಮಾ ದ್ವೀಪಗಳನ್ನು ತಲುಪಿದ ಕೊಲಂಬಸನು, ಅಲ್ಲಿನ ಜನರು ಹತ್ತಿಯ ಬಲೆಗಳಲ್ಲಿ ಮಲಗುವುದನ್ನು ಕಂಡನು. ಅವರ ಮಾತಿನಿಂದ ಬಂದ ‘ಹಮಾಕ’ ಎಂಬ ಪದವೇ ಇಂಗ್ಲಿಷಿನಲ್ಲಿ ‘ಹ್ಯಾಮಕ್’ ಆಯಿತು. ಓಲಾಡುವ ಹಡಗಿನಲ್ಲಿ ಮಲಗಲು ಇದಕ್ಕಿಂತ ಅನುಕೂಲವಾದುದಿಲ್ಲವೆಂದು ಕಂಡುಕೊಂಡ ನಾವಿಕರು ಅದನ್ನು ಕಡಲಾಚೆಗೂ ಒಯ್ದರು.

ದಂಪತಿಗಳು ಮೊದಲು ನೋಡಿದ್ದು ಡಂಜನೆಸ್ ಎಂಬ ಹಾಳುಬಿದ್ದ ಮಹಲನ್ನು. ಉಕ್ಕಿನ ಉದ್ಯಮದಿಂದ ಸಿರಿವಂತರಾದ ಕಾರ್ನೆಗೀ ಮನೆತನದವರು 1880ರ ದಶಕದಲ್ಲಿ ಕಟ್ಟಿಸಿದ ಆ ಮಹಲು 1959ರಲ್ಲಿ ಬೆಂಕಿಗೆ ಆಹುತಿಯಾಯಿತು. ಈಗ ಉಳಿದಿರುವುದು ಗೋಡೆಗಳು ಮಾತ್ರ. ಅದರ ಆಸುಪಾಸಿನಲ್ಲಿ ಕಾಡುಬಿದ್ದ ಕುದುರೆಗಳು ಮೇಯುತ್ತವೆ. ಅವು ನೋಡಲು ಬಲು ಚೆಂದ. ಆದರೆ ಮರಳದಿಬ್ಬಗಳನ್ನು ಹಿಡಿದಿಡುವ ಹುಲ್ಲನ್ನು ಮೇದು ತುಳಿಯುವುದರಿಂದ ದ್ವೀಪಕ್ಕೆ ಅವುಗಳಿಂದ ಹಾನಿಯೇ ಹೆಚ್ಚು.

ಅಲ್ಲಿಂದ ಉತ್ತರಕ್ಕೆ ನಡೆದು, ಸೀ ಕ್ಯಾಂಪ್ ಎಂಬ ಬಿಡದಿಯನ್ನು ದಾಟಿ, ಮತ್ತೆ ಸುಮಾರು ಐದೂವರೆ ಕಿಲೋಮೀಟರು ಸಾಗಿ ಅವರು ಸ್ಟ್ಯಾಫರ್ಡ್ ಬೀಚ್ ಎಂಬ ತಂಗುದಾಣವನ್ನು ಸೇರಿದರು. ದಾರಿಯುದ್ದಕ್ಕೂ ನಿತ್ಯಹಸಿರಿನ ಓಕ್ ಮರಗಳು ಬಾಹುಗಳನ್ನು ನೆಲದತ್ತ ಬಾಗಿಸಿ ನಿಂತಿದ್ದವು. ಕೊಂಬೆಗಳಿಂದ ಬೂದುಬಣ್ಣದ ಗಡ್ಡದಂತೆ ಇಳಿಬಿದ್ದಿದ್ದುದು ‘ಸ್ಪ್ಯಾನಿಷ್ ಮಾಸ್’. ಹೆಸರಿಗೆ ಪಾಚಿಯಾದರೂ ಅದು ಅನಾನಸಿನ ಬಳಗಕ್ಕೆ ಸೇರಿದ ಗಿಡ.

ಗಂಡನು ಜೋಲಿಯನ್ನು ಎಳೆದು ಬಿಗಿಯಾಗಿ ಕಟ್ಟತೊಡಗಿದನು. ಹೆಂಡತಿ ತಡೆದು, “ಇಷ್ಟು ಬಿಗಿದರೆ ಪಟ್ಟಿ ಹರಿದೀತು, ಸ್ವಲ್ಪ ಸಡಿಲಿಸು” ಎಂದಳು. ಅವಳ ಮಾತಿನಲ್ಲಿ ಗಣಿತವಿತ್ತು. ಎರಡೂ ಕಡೆಯ ಪಟ್ಟಿಗಳು ನೆಲಮಟ್ಟಕ್ಕೆ 30 ಡಿಗ್ರಿ ಕೋನದಲ್ಲಿದ್ದರೆ ಒಂದೊಂದು ಪಟ್ಟಿಯ ಮೇಲೂ ಮಲಗಿದವನ ತೂಕದಷ್ಟೇ ಸೆಳೆತ ಬೀಳುತ್ತದೆ. ಕೋನ 10 ಡಿಗ್ರಿಗೆ ಇಳಿದರೆ ಆ ಸೆಳೆತ ತೂಕದ ಮೂರರಷ್ಟನ್ನು ಸಮೀಪಿಸುತ್ತದೆ. ಮರದ ತೊಗಟೆಗೆ ಗಾಯವಾಗದಂತೆ ಹಗ್ಗದ ಬದಲು ಅಗಲವಾದ ಪಟ್ಟಿಗಳನ್ನು ಸುತ್ತಿದರು, ಸೊಳ್ಳೆಪರದೆಯನ್ನೂ ಕಟ್ಟಿದರು. ಜೋಲಿಯಲ್ಲಿ ನೆಟ್ಟಗೆ ಮಲಗಿದರೆ ಬೆನ್ನು ಬಿಲ್ಲಾಗುತ್ತದೆ, ಓರೆಯಾಗಿ ಮಲಗಿದರೆ ಮೈ ಸಮವಾಗುತ್ತದೆ ಎಂಬುದನ್ನು ಗಂಡನು ಆ ಸಂಜೆಯೇ ಕಲಿತನು.

ಕತ್ತಲಾದ ಮೇಲೆ ಇಬ್ಬರೂ ಕಡಲತೀರಕ್ಕೆ ಹೋದರು. ನಡುರಾತ್ರಿ ಸಮೀಪಿಸುತ್ತಿರಲು, ನೀರಿನಂಚಿನಲ್ಲಿ ಬಂಡೆಯೊಂದು ಚಲಿಸಿದಂತಾಯಿತು. ಅದು ಮೊಟ್ಟೆಯಿಡಲು ಬಂದ ಲಾಗರ್‌ಹೆಡ್ ಜಾತಿಯ ಕಡಲಾಮೆ. ನೂರು ಕಿಲೋಗ್ರಾಮಿಗೂ ಮೀರಿ ತೂಗಬಲ್ಲ ಜೀವಿ. ನೀರಿನಲ್ಲಿ ಹಗುರ, ನೆಲದಲ್ಲಿ ಪ್ರತಿ ಹೆಜ್ಜೆಯೂ ಪ್ರಯಾಸ. ಗಂಡನ ಕೈ ತಾನಾಗಿಯೇ ಟಾರ್ಚಿನತ್ತ ಹೋಯಿತು. ಹೆಂಡತಿ ಅವನ ಕೈಹಿಡಿದು, “ಬೇಡ, ಬೆಳಕು ಕಂಡರೆ ಹಿಂದಿರುಗಿಬಿಡುತ್ತದೆ” ಎಂದು ಪಿಸುಗುಟ್ಟಿದಳು.

ಆಮೆ ನಿಂತುಬಿಟ್ಟಿತು. ಅದು ಏನನ್ನು ಗ್ರಹಿಸಿತೋ! ಇಬ್ಬರೂ ಉಸಿರು ಬಿಗಿಹಿಡಿದು ಮರಳಿನ ಮೇಲೆ ಕುಳಿತರು. ಹೀಗೆ ಬೆದರಿ ಹಿಂದಿರುಗಿದ ಆಮೆ ಬೇರೆ ಸ್ಥಳವನ್ನು ಅರಸಬೇಕಾಗುತ್ತದೆ. ಈ ಜಾತಿಯು ಅಪಾಯದಂಚಿನಲ್ಲಿದೆಯೆಂದು 1978ರಲ್ಲಿ ಅಮೆರಿಕದ ಸರ್ಕಾರ ಘೋಷಿಸಿದ್ದಿತು. ಆದುದರಿಂದ ಒಂದೊಂದು ಗೂಡೂ ಅಮೂಲ್ಯವಾದುದು. ಕೆಲವು ನಿಮಿಷಗಳು ಕಳೆದವು. ಆಮೆ ಮತ್ತೆ ಮುಂದೆ ತೆವಳಿತು.

ಮರಳದಿಬ್ಬದ ಬುಡದಲ್ಲಿ ಅದು ಹಿಂಗಾಲುಗಳಿಂದ ಗುಳಿ ತೋಡಿತು. ಸಾಮಾನ್ಯವಾಗಿ ನೂರರ ಆಸುಪಾಸಿನಲ್ಲಿ ಮೊಟ್ಟೆಗಳಿರುತ್ತವೆ. ಅವು ಒಡೆಯಲು ಎರಡು ತಿಂಗಳು ಹಿಡಿಯುತ್ತದೆ. ಮರಳಿನ ಕಾವು ಹೆಚ್ಚಾದರೆ ಹೆಣ್ಣು ಮರಿಗಳು, ಕಡಿಮೆಯಾದರೆ ಗಂಡು ಮರಿಗಳು ಹೆಚ್ಚು. ತಾಯಿಯು ಮರಿಗಳನ್ನು ನೋಡಲು ಮರಳಿ ಬರುವುದಿಲ್ಲ. ಇರುಳಿನಲ್ಲಿ ಹೊರಬಂದ ಮರಿಗಳು ಮಿನುಗುವ ದಿಗಂತವನ್ನೇ ಗುರಿಯಾಗಿಸಿಕೊಂಡು ಕಡಲನ್ನು ಸೇರುತ್ತವೆ; ದಡದಲ್ಲಿ ದೀಪವಿದ್ದರೆ ದಾರಿ ತಪ್ಪಿ ಸಾಯುತ್ತವೆ.

ಗುಳಿಯ ಮೇಲೆ ಮರಳೆರಚಿ ಆಮೆ ಅಲೆಗಳಲ್ಲಿ ಮರೆಯಾದಾಗ ದಂಪತಿಗಳ ಕಾಲುಗಳು ಜೋಮು ಹಿಡಿದಿದ್ದವು. ಕತ್ತಲಲ್ಲಿ ತಡವರಿಸುತ್ತಲೇ ಅವರು ಜೋಲಿಗಳನ್ನು ಸೇರಿದರು.

ಮರುದಿನ ಬೆಳಿಗ್ಗೆ ಜೋಲಿಗಳನ್ನು ಬಿಚ್ಚಿ ಮಡಿಸಿದರು. ಕಿತ್ತಳೆಯ ಸಿಪ್ಪೆಯನ್ನೂ ಬಿಡದೆ ಕಸವನ್ನೆಲ್ಲ ಚೀಲಕ್ಕೆ ತುಂಬಿದರು. ಕಡಲತೀರದಲ್ಲಿ ಉದ್ಯಾನದ ನೌಕರರು ಆಮೆಯ ಹೆಜ್ಜೆಗಳ ಜಾಡು ಹಿಡಿದು ಬಂದು, ರಕೂನುಗಳು ಅಗೆಯದಂತೆ ಗೂಡಿನ ಮೇಲೆ ಜಾಲರಿಯನ್ನು ಹೊದಿಸುತ್ತಿದ್ದರು. ಗಂಡನು ಈಗ, ಹಗಲಿನ ಬೆಳಕಿನಲ್ಲಿ, ಆ ಜಾಡಿನ ಒಂದು ಚಿತ್ರವನ್ನು ತೆಗೆದುಕೊಂಡನು. ಲಾಂಚು ತಪ್ಪಿದರೆ ಮತ್ತೊಂದು ರಾತ್ರಿಗೆ ಅವರ ಬಳಿ ಆಹಾರವಿರಲಿಲ್ಲ. ಇಬ್ಬರೂ ಕಟ್ಟೆಯತ್ತ ಬಿರುಸಾಗಿ ನಡೆದರು.