ಹಳೇ ಸಿನಿಮಾ ಬಂದ ದಿನವೇ ನೋಡಿಬಿಡಮ್ಮ

ಹಳೇ ಚಿತ್ರಗಳನ್ನೆಲ್ಲ ಮೊಬೈಲಿನಲ್ಲೇ ನೋಡಿ ಮುಗಿಸುತ್ತಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಬೇಡ ಅನ್ನುವುದಿಲ್ಲ. ಆದರೆ ಬೆಂಗಳೂರಿನಲ್ಲಿದ್ದೂ ಅಷ್ಟಕ್ಕೇ ತೃಪ್ತಿಪಟ್ಟುಕೊಂಡರೆ ಹೇಗೆ?

ನಮ್ಮ ಕಾಲದಲ್ಲಿ ಹುಡುಕುವ ಕಷ್ಟವಿರಲಿಲ್ಲ ಬಿಡು. ಸ್ಟೇಟ್ಸ್ ಟಾಕೀಸಿನಲ್ಲಿ ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿತು. ಹಳೆಯವು ಬೆಳಗಿನ ಆಟಕ್ಕೆ ಮತ್ತೆ ಮತ್ತೆ ಬರುತ್ತಿದ್ದವು. ಈಗ ಪ್ಲಾಜಾ ಇಲ್ಲ, ಕಪಾಲಿ ನೆಲಸಮವಾಯಿತು, ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು.

ಮೊದಲು ಬನಶಂಕರಿ ಎರಡನೇ ಹಂತದ ಸುಚಿತ್ರಾಕ್ಕೆ ಹೋಗಿ ಸದಸ್ಯಳಾಗು. 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ ಅದು. ಕುರೊಸಾವಾ, ಬರ್ಗ್‌ಮನ್ ಎಂಬ ಹೆಸರುಗಳು ನಮ್ಮ ಪೀಳಿಗೆಯ ಕಿವಿಗೆ ಬಿದ್ದದ್ದೇ ಇಂಥ ಸೊಸೈಟಿಗಳಿಂದ. ಚಿತ್ರ ಮುಗಿದೊಡನೆ ಆಟೋ ಹುಡುಕಲು ಓಡಬೇಡ, ಆಮೇಲಿನ ಮಾತುಕತೆಗೂ ಕೂತಿರು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಕಡೆಗೂ ಒಂದು ಕಣ್ಣಿರಲಿ. ಅಲ್ಲಿನ ಪರದೆ ಟಾಕೀಸಿನಷ್ಟು ಅಗಲವಿಲ್ಲ, ಆದರೂ ನಿನ್ನ ಮೊಬೈಲಿಗೆ ಹೋಲಿಸಿದರೆ ಆಕಾಶ!

ಚಲನಚಿತ್ರ ಅಕಾಡೆಮಿಯವರ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಎಲ್ಲರೂ ಪ್ರಶಸ್ತಿ ಬಂದ ಹೊಸ ಚಿತ್ರಗಳ ಸಾಲಿನಲ್ಲಿ ನಿಂತಿರುತ್ತಾರೆ. ನೀನು ವೇಳಾಪಟ್ಟಿಯಲ್ಲಿ ಹಳೆಯ ನಿರ್ದೇಶಕರ ಸಿಂಹಾವಲೋಕನ ಯಾವತ್ತಿದೆ ಅಂತ ನೋಡು. ಸಾಲೂ ಚಿಕ್ಕದು, ಒಳ್ಳೆಯ ಸೀಟೂ ಸಿಗುತ್ತದೆ.

ಮಲ್ಟಿಪ್ಲೆಕ್ಸ್ ಅಂದರೆ ನನಗೆ ಅಷ್ಟಕ್ಕಷ್ಟೆ. ಆದರೆ ಈಚೆಗೆ ಹಳೇ ಚಿತ್ರಗಳು ಅಲ್ಲೇ ಹೆಚ್ಚು ಬರುತ್ತಿವೆ, ಅದೂ ಹುಟ್ಟುಹಬ್ಬ, ಶತಮಾನೋತ್ಸವದ ನೆಪದಲ್ಲಿ. 2024ರ ಡಿಸೆಂಬರಿನಲ್ಲಿ ರಾಜ್ ಕಪೂರ್ ಶತಮಾನೋತ್ಸವಕ್ಕೆ ದೇಶದ 40 ಊರುಗಳಲ್ಲಿ ಅವರ 10 ಚಿತ್ರ ಹಾಕಿದ್ದರು. ಟಿಕೆಟ್ ನೂರೇ ರೂಪಾಯಿ, ಮೂರೇ ದಿನ. ಪುನೀತ್ ಐವತ್ತನೇ ಹುಟ್ಟುಹಬ್ಬಕ್ಕೆ 2025ರ ಮಾರ್ಚಿನಲ್ಲಿ ‘ಅಪ್ಪು’ ಮತ್ತೆ ಬಂತು. ಅಂಥ ಆಟಕ್ಕೆ ಹೋಗುವುದಾದರೆ ಸಂಭಾಷಣೆ ಕೇಳುವ ಆಸೆ ಬಿಟ್ಟು ಹೋಗು, ಶಿಳ್ಳೆಯಲ್ಲಿ ಏನೂ ಕೇಳಿಸುವುದಿಲ್ಲ. ಅದರ ಮಜವೇ ಬೇರೆ.

ಒಂದು ವಿಷಯ ಮಾತ್ರ ಗಮನವಿಟ್ಟು ಕೇಳು. ಕಪ್ಪು-ಬಿಳುಪಿನ ಕಾಲದ ಬಹುಪಾಲು ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಇಂದಿನ ಅಗಲ ಪರದೆ ತುಂಬಲೆಂದು ಹಿಗ್ಗಿಸಿದರೆ ಮೇಲೆ ನಟನ ತಲೆ, ಕೆಳಗೆ ನರ್ತಕಿಯ ಕಾಲು ಕತ್ತರಿಸಿ ಹೋಗುತ್ತವೆ. ಅದಕ್ಕೇ ಪರದೆಯ ಎರಡೂ ಬದಿಗೆ ಕಪ್ಪು ಪಟ್ಟಿ ಕಂಡರೆ ಮೋಸಹೋದೆ ಅಂದುಕೊಳ್ಳಬೇಡ. ತೋರಿಸುವವರಿಗೆ ಕೆಲಸ ಗೊತ್ತಿದೆ ಅಂತಲೇ ಅರ್ಥ. ಬಣ್ಣ ಹಚ್ಚಿದ ‘ಕಸ್ತೂರಿ ನಿವಾಸ’ 2014ರಲ್ಲಿ ಬಂದಾಗ ಜನ ಮುಗಿಬಿದ್ದರು; ನನಗಂತೂ ಕಪ್ಪು-ಬಿಳುಪಿನ ರಾಜ್‌ಕುಮಾರೇ ಸರಿ.

ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್, ಸ್ಕಾರ್ಸೆಸಿಯವರ ಸಂಸ್ಥೆಯ ಜೊತೆ ಸೇರಿ, ಮರುಜೀವಗೊಳಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿತು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಮಲೆನಾಡಿನ ಮನೆಯೊಳಗಿನ ಮಬ್ಬು ಬೆಳಕನ್ನು ಹಿಡಿದ ಬಗೆ ಚಿಕ್ಕ ಪರದೆಯಲ್ಲಿ ಬರೀ ಕತ್ತಲಾಗಿ ಕಾಣುತ್ತದೆ. ಅದು ಎಲ್ಲೇ ಬರಲಿ, ರಜೆ ಹಾಕಿಯಾದರೂ ನೋಡು.

ನಾಳೆ ನೋಡೋಣ ಅಂದರೆ ನಾಳೆ ಆಟ ಇರುವುದಿಲ್ಲ. ಒಬ್ಬಳೇ ಹೋಗಲೂ ಬೇಡ, ಗೆಳತಿಯರನ್ನೂ ಎಳೆದುಕೊಂಡು ಹೋಗು. ಹಾಲಿನಲ್ಲಿ ಹತ್ತೇ ಜನ ಕೂತಿದ್ದರೆ ಮುಂದಿನ ವಾರ ಹಳೇ ಚಿತ್ರ ಹಾಕುವವರು ಯಾರು?