ಸಮುದಾಯ ಸೇವೆ: ಆರನೆಯ ದಂಡನೆ

1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ಮರಣದಂಡನೆ, ಜೀವಾವಧಿ ಕಾರಾವಾಸ, ಕಾರಾವಾಸ, ಸ್ವತ್ತಿನ ಮುಟ್ಟುಗೋಲು, ಜುಲ್ಮಾನೆಗಳೆಂಬ ಐದು ದಂಡನೆಗಳೊಡನೆ ಸಮುದಾಯ ಸೇವೆಯನ್ನು ಆರನೆಯದಾಗಿ 4ನೆಯ ಕಲಮಿನಲ್ಲಿ ಸೇರಿಸಿದೆ. ಇದು ಅನ್ವಯಿಸುವ ಅಪರಾಧಗಳೂ ಆರೇ: ಲೋಕಸೇವಕನ ಅಕ್ರಮ ವ್ಯಾಪಾರ (ಕಲಮು 202), ನ್ಯಾಯಾಲಯದ ಉದ್ಘೋಷಣೆಗೆ ಹಾಜರಾಗದಿರುವುದು (209), ಲೋಕಸೇವಕನ ಕರ್ತವ್ಯವನ್ನು ತಡೆಯುವ ಉದ್ದೇಶದ ಆತ್ಮಹತ್ಯಾಯತ್ನ (226), ಕಿರುಕಳವು (303), ಕುಡಿದು ಸಾರ್ವಜನಿಕ ದುರ್ವರ್ತನೆ (355), ಮಾನಹಾನಿ (356).

ಜೋಯಿಡಾ ತಾಲೂಕಿನ ರಾಮನಗರದ ಪೇಟೆಯಲ್ಲಿ ಒಬ್ಬನು 5,000 ರೂಪಾಯಿಗಿಂತ ಕಡಿಮೆ ಬೆಲೆಯ ಹಳೆಯ ಸೈಕಲ್ಲೊಂದನ್ನು ಕದ್ದನೆಂದು ಭಾವಿಸಿದರೆ, ಅದು ಅವನ ಪ್ರಥಮ ಅಪರಾಧನಿರ್ಣಯವಾಗಿದ್ದು, ಸೈಕಲ್ಲನ್ನಾಗಲಿ ಅದರ ಬೆಲೆಯನ್ನಾಗಲಿ ಅವನು ಹಿಂತಿರುಗಿಸಿದ ಪಕ್ಷದಲ್ಲಿ, ವಿಧಿಸತಕ್ಕ ಶಿಕ್ಷೆ ಸಮುದಾಯ ಸೇವೆಯೇ. ಅದೇ ಪೇಟೆಯಲ್ಲಿ ಕುಡಿದು ರಂಪ ಮಾಡಿದವನಿಗಾದರೋ 24 ತಾಸುಗಳವರೆಗಿನ ಸಾದಾ ಸಜೆ, 1,000 ರೂಪಾಯಿವರೆಗಿನ ಜುಲ್ಮಾನೆ, ಅವೆರಡೂ, ಇಲ್ಲವೆ ಈ ಸೇವೆ. ಅಂದರೆ ಮೊದಲನೆಯವನಿಗೆ ಈ ಸೇವೆ ಕಡ್ಡಾಯ, ಎರಡನೆಯವನಿಗೆ ಪರ್ಯಾಯಗಳಲ್ಲೊಂದು.

ಅಪರಾಧ ಪ್ರಕ್ರಿಯೆಯ ಶಾಸನವಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 23ನೆಯ ಕಲಮಿನ ವಿವರಣೆಯಂತೆ ಸಮುದಾಯ ಸೇವೆಯೆಂದರೆ ಸಮುದಾಯಕ್ಕೆ ಹಿತಕರವಾದ, ಸಂಭಾವನೆಯಿಲ್ಲದ ಕೆಲಸ. ಕೆಲಸದ ಬಗೆಯನ್ನೂ ಅವಧಿಯನ್ನೂ ಶಾಸನವು ಗೊತ್ತುಪಡಿಸದೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿರುವುದು ನಮ್ಮ ಮಟ್ಟಿಗೆ ನ್ಯೂನತೆಯೇ ಸರಿ. ಅಪರಾಧ ನ್ಯಾಯವ್ಯವಸ್ಥೆಯ ಸುಧಾರಣೆಗಾಗಿ ನೇಮಕವಾಗಿದ್ದ, ಕನ್ನಡಿಗರಾದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿಯು 2003ರ ವರದಿಯಲ್ಲಿಯೇ, ಜುಲ್ಮಾನೆ ತೆರಲಾರದವನಿಗೆ ಸೆರೆವಾಸದ ಬದಲು ಸಮುದಾಯ ಸೇವೆಯನ್ನು ಸೂಚಿಸಿತ್ತು.